ಆರ್ ಯಾಕೆ, ಯು ಯಾಕೆ?

ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಯೆಂದರೆ ಅರ್ಧ ಸೊಪ್ಪು, ಅರ್ಧ ಹವೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಶಾಖ, ಶೇ 85ರ ಮೇಲೆ ತೇವ ಬೇಕು. ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಹುಳುವಿಗೆ 24 ಡಿಗ್ರಿ ಆಸುಪಾಸು, ಶೇ 70ರ ತೇವ ಸಾಕು. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನ ಪಾಠವಾದ ಈ ಲೆಕ್ಕ ಚಿಕ್ಕಬಳ್ಳಾಪುರ ಸೀಮೆಯ ಎಂಜಿನಿಯರಿಂಗ್ ಹುಡುಗರಿಗೆ ಸಿದ್ಧ ಪ್ರಾಜೆಕ್ಟ್ ಕೂಡ ಹೌದು: ಒಂದು ಆರ್ಡುಯಿನೊ ಬೋರ್ಡು, ಶಾಖ ಮತ್ತು ತೇವ ಅಳೆಯುವ ಸೆನ್ಸರು, ಫ್ಯಾನಿಗೊಂದು ರಿಲೇ. ಇಂಥದ್ದಕ್ಕೆ ಪ್ರೋಗ್ರಾಮು ಬರೆಯುವುದು ಒಂದೇ ಸಲ, ಅಂಕಿ ತಿದ್ದುವುದು ಲೆಕ್ಕವಿಲ್ಲದಷ್ಟು ಸಲ. 28 ಅನ್ನು 27 ಮಾಡು, ಬೋರ್ಡಿಗೆ ಕಳಿಸು, ನೋಡು, ಮತ್ತೆ ತಿದ್ದು. ಮೊದಮೊದಲು ಮೌಸ್ ಹಿಡಿದು ಆರ್ಡುಯಿನೊ ಎಡಿಟರಿನಲ್ಲಿ ಅಪ್‌ಲೋಡಿನ ಬಾಣದ ಗುರುತು ಹುಡುಕುವವರೂ ಆಮೇಲೆ ಕಂಟ್ರೋಲ್-ಯು ಒತ್ತುವುದಕ್ಕೆ ಒಗ್ಗಿಕೊಳ್ಳುತ್ತಾರೆ.

ಅಪ್‌ಲೋಡಿಗೆ ಯು, ಸರಿ. ಆದರೆ ಬರೆದದ್ದರಲ್ಲಿ ತಪ್ಪಿದೆಯೇ ಎಂದು ಪರೀಕ್ಷಿಸುವ ವೆರಿಫೈ ಆಜ್ಞೆಗೆ ಆರ್ ಯಾಕೆ? ವಿ ಅಂತೂ ಸಿಗುವಂತಿರಲಿಲ್ಲ, ಅದು ಲೋಕಕ್ಕೆಲ್ಲ ಪೇಸ್ಟ್. ಆರ್ ಬಂದದ್ದು ತವರುಮನೆಯಿಂದ.

ಆ ತವರಿನ ಹೆಸರು ಪ್ರೊಸೆಸಿಂಗ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಶುರುಮಾಡಿದ ಅದು ಚಿತ್ರಕಾರರು, ವಿನ್ಯಾಸಕಾರರು ಪ್ರೋಗ್ರಾಮು ಕಲಿಯಲೆಂದು ಮಾಡಿದ ಎಡಿಟರ್. ಅಲ್ಲಿ ಆರ್ ಎಂದರೆ ರನ್: ಒತ್ತಿದೊಡನೆ ತೆರೆಯ ಮೇಲೆ ಚಿತ್ರ ಮೂಡುತ್ತಿತ್ತು. ಇಟಲಿಯ ಇವ್ರೆಯಾದ ವಿನ್ಯಾಸ ಸಂಸ್ಥೆಯಲ್ಲಿ ಕೊಲಂಬಿಯಾದ ವಿದ್ಯಾರ್ಥಿ ಎರ್ನಾಂಡೊ ಬರಗಾನ್ 2003ರಲ್ಲಿ ಇದೇ ಎಡಿಟರನ್ನು ಬೋರ್ಡುಗಳತ್ತ ತಿರುಗಿಸಿ ವೈರಿಂಗ್ ಎಂದು ಕರೆದರು. 2005ರಲ್ಲಿ ಮಸ್ಸಿಮೊ ಬಾಂಜಿ ಮತ್ತು ಸಂಗಡಿಗರ ಆರ್ಡುಯಿನೊ ಅಲ್ಲಿಂದಲೇ ಹೊರಟಿತು. ಬೋರ್ಡಿನ ಪ್ರೋಗ್ರಾಮು ಓಡುವುದು ಬೋರ್ಡಿನಲ್ಲಿ, ಕಂಪ್ಯೂಟರಿನಲ್ಲಲ್ಲ. ಹಾಗಾಗಿ ರನ್ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಕೆಲಸ ಹೋದರೂ ಕೀಲಿ ಉಳಿದು ಪರೀಕ್ಷೆಯ ಪಾಲಾಯಿತು. ಅಂದಹಾಗೆ, ಯು ಒತ್ತಿದರೆ ಪರೀಕ್ಷೆಯೂ ತಾನಾಗಿಯೇ ಆಗುತ್ತದೆ. ಮೊದಲು ಆರ್, ಆಮೇಲೆ ಯು ಎನ್ನುವ ಲ್ಯಾಬ್ ಮಡಿವಂತಿಕೆ ಅನಗತ್ಯ.

ಇವ್ರೆಯಾ ಒಲಿವೆಟ್ಟಿ ಟೈಪ್‌ರೈಟರುಗಳ ಊರು. ಬೆರಳಿಗೂ ಕೀಲಿಗೂ ಇರುವ ಸಂಬಂಧ ಅಲ್ಲಿನವರಿಗೆ ಹೇಳಿಕೊಡಬೇಕಿರಲಿಲ್ಲ. ಆದರೂ ಒಂದು ತಮಾಷೆ ನೋಡಿ. ಸಾಲನ್ನು ಕಮೆಂಟ್ ಮಾಡಲು ಆರ್ಡುಯಿನೊದಲ್ಲಿ ಕಂಟ್ರೋಲ್ ಜೊತೆ ಓರೆಗೆರೆ. ಇಟಲಿಯ ಕೀಲಿಮಣೆಯಲ್ಲಿ ಓರೆಗೆರೆ ಸಿಗುವುದು ಶಿಫ್ಟ್ ಹಿಡಿದು 7 ಒತ್ತಿದರೆ! ನಮ್ಮಲ್ಲಿ ಅಮೆರಿಕದ ಕೀಲಿಮಣೆಯೇ ರೂಢಿ, ನಾವು ಪಾರಾದೆವು.

ಕೀಲಿಗಳ ತಕರಾರಿಗೆ ಕನ್ನಡಿಗರೇನೂ ಹೊಸಬರಲ್ಲ. ಕೆ.ಪಿ. ರಾವ್ ಕನ್ನಡದ ಕೀಲಿಮಣೆ ಹೂಡಿದಾಗ ಕ್ವರ್ಟಿಯ 26 ಅಕ್ಷರಗಳಲ್ಲೇ ಇಡೀ ವರ್ಣಮಾಲೆಯನ್ನು ಕೂರಿಸಿದರು. ತ, ದ, ನ ತಮ್ಮ ಉಚ್ಚಾರದ ಇಂಗ್ಲಿಷ್ ಕೀಲಿಗಳಿಗೆ ಹೋದವು. ಜೋಡಿ ಸಿಗದ ಟ, ಡಗಳಿಗೆ ಖಾಲಿ ಬಿದ್ದಿದ್ದ ಕ್ಯೂ, ಡಬ್ಲ್ಯೂ. ಒತ್ತಕ್ಷರಕ್ಕೆ ಎಡಗೈ ತೋರುಬೆರಳಿನಡಿಯ ಎಫ್. ಸರ್ಕಾರ ಒಪ್ಪಿ ನುಡಿ ತಂತ್ರಾಂಶದಲ್ಲಿ ಬಂದ ಮೇಲೆ ಅದೇ ಕಚೇರಿಗಳ ಅಭ್ಯಾಸವಾಯಿತು. ಇವತ್ತು ಯಾರಾದರೂ ಡಬ್ಲ್ಯೂನಿಂದ ಡಕಾರ ಎತ್ತಿ ಬೇರೆಡೆ ಇಟ್ಟರೆ, ಅದೆಷ್ಟೇ ತರ್ಕಬದ್ಧವಾಗಿದ್ದರೂ, ತಾಲ್ಲೂಕು ಕಚೇರಿಯಲ್ಲಿ ಜಗಳವಾದೀತು.

ಆರ್ಡುಯಿನೊ ತಂಡಕ್ಕೆ ಈ ಇಕ್ಕಟ್ಟು ನಿಜಕ್ಕೂ ಎದುರಾದದ್ದು ಮನೆ ಬದಲಿಸುವಾಗ. ಹಳೆಯ 1.x ಎಡಿಟರ್ ಜಾವಾದಲ್ಲಿತ್ತು. ಮೆನುವಿನ ಪ್ರತಿ ಆಜ್ಞೆಯ ಪಕ್ಕ ಅದರ ಅಕ್ಷರವನ್ನು ಪ್ರೋಗ್ರಾಮಿನೊಳಗೇ ಬರೆದಿಡಲಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ಬಂದ 2.0 ಥಿಯಾ ಎಂಬ ಚೌಕಟ್ಟಿನ ಮೇಲೆ ನಿಂತಿದೆ; ಒಳಗಿನ ಬರವಣಿಗೆಯ ಭಾಗ ಮೈಕ್ರೋಸಾಫ್ಟಿನ ವಿಎಸ್ ಕೋಡ್‌ನಲ್ಲಿರುವ ಮೊನಾಕೊ. ವಿಎಸ್ ಕೋಡ್‌ಗೆ ತನ್ನದೇ ಕೀಲಿಗಳ ರೂಢಿ ಉಂಟು. ಅಲ್ಲಿ ಕಂಟ್ರೋಲ್-ಆರ್ ಈಚೆಗೆ ತೆರೆದ ಕಡತಗಳ ಪಟ್ಟಿ, ಕಂಟ್ರೋಲ್-ಯು ಕರ್ಸರನ್ನು ಹಿಂದಿನ ಜಾಗಕ್ಕೆ ಒಯ್ಯುವುದು, ಕಂಟ್ರೋಲ್-ಟಿ ಹೆಸರು ಹುಡುಕುವುದು. ಆರ್ಡುಯಿನೊ ಈ ಮೂರರಲ್ಲೂ ಹಳಬರ ಪಕ್ಷ ವಹಿಸಿತು: ಆರ್ ಪರೀಕ್ಷೆಯಾಗಿಯೇ, ಯು ಅಪ್‌ಲೋಡಾಗಿಯೇ ಉಳಿಯಿತು, ಟಿ ಎಂದಿನಂತೆ ಸಾಲುಗಳನ್ನು ಓರಣ ಮಾಡುತ್ತದೆ. ನನಗೆ ಇದೇ ಸರಿಯೆನಿಸುತ್ತದೆ. ಹೊಸ ಚೌಕಟ್ಟಿಗೆ ಕಲಿಯುವ ವ್ಯವಧಾನವಿದೆ, ಪರೀಕ್ಷೆಯ ಹಿಂದಿನ ದಿನದ ವಿದ್ಯಾರ್ಥಿಗೆ ಇಲ್ಲ.

ಸೋತದ್ದು ಕೆ. ಹಳೆಯದರಲ್ಲಿ ಕಂಟ್ರೋಲ್-ಕೆ ಒತ್ತಿದರೆ ಪ್ರೋಗ್ರಾಮು ಇರುವ ಫೋಲ್ಡರ್ ತೆರೆಯುತ್ತಿತ್ತು. ಮೊನಾಕೊದ ಲೋಕದಲ್ಲಿ ಕಂಟ್ರೋಲ್-ಕೆ ಒಂದು ಹೆಬ್ಬಾಗಿಲು, ಅದರ ಹಿಂದೆ ಇನ್ನೊಂದು ಕೀಲಿ ಒತ್ತಿ ಒಳಗೆ ಹೋಗಬೇಕಾದ ಹತ್ತಾರು ಆಜ್ಞೆಗಳಿವೆ. ಫೋಲ್ಡರಿಗೆ ಈಗ ಆಲ್ಟ್ ಕೂಡ ಸೇರಿಸಿ ಒತ್ತಬೇಕು.

ಬೇಡವೆನಿಸಿದರೆ ಫೈಲ್ ಮೆನುವಿನ ಅಡ್ವಾನ್ಸ್‌ಡ್ ಅಡಿ ಕೀಬೋರ್ಡ್ ಶಾರ್ಟ್‌ಕಟ್ಸ್ ಪಟ್ಟಿಯಿದೆ, ನಿಮಗೆ ಬೇಕಾದ ಕೀಲಿ ಕೊಟ್ಟುಕೊಳ್ಳಬಹುದು. 1.xನ ಮೆನುಗಳಲ್ಲಿ ಹೀಗೊಂದು ಪಟ್ಟಿ ಇರಲಿಲ್ಲ. ಸ್ವಂತ ಲ್ಯಾಪ್‌ಟಾಪ್ ಇದ್ದವರಿಗೆ ಇದು ದೊಡ್ಡ ಅನುಕೂಲ. ಒಂದು ಕಂಪ್ಯೂಟರಿಗೆ ಮೂರು ಬ್ಯಾಚ್ ಕೂರುವ ಲ್ಯಾಬಿನಲ್ಲಿ ಮಾತ್ರ ಬೆಳಗಿನವರು ಬದಲಿಸಿದ ಕೀಲಿ ಮಧ್ಯಾಹ್ನದವರಿಗೆ ಕಾಟ. ಅಂಥ ಕಡೆ ಸುಧಾರಣೆ ಮೂಲದಲ್ಲೇ ಆಗಬೇಕು. ಮೂಲ ಪ್ರೋಗ್ರಾಮು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ, ಫೋಲ್ಡರಿನ ಕೀಲಿ ಅಲ್ಲಿ ಒಂದೇ ಸಾಲು. ಆ ಸಾಲು ತಿದ್ದಿ ಕಳಿಸಲು ಗೌರಿಬಿದನೂರಿನ ಹುಡುಗಿಯೊಬ್ಬಳಿಗೂ ಇವ್ರೆಯಾದವರಿಗೂ ಇರುವ ಹಕ್ಕು ಒಂದೇ. ಒಪ್ಪಿಸುವ ವಾದ ಮಾತ್ರ ಗಟ್ಟಿಯಿರಬೇಕು.