ಹೊಸ ಆವೃತ್ತಿಯ ಪರೀಕ್ಷೆ: ಯಂತ್ರ ದಾಟಿಸಿದ್ದು, ಮನುಷ್ಯ ಕಂಡದ್ದು

ಮಳೆಗಾಲ ಕಳೆದು ಅಕ್ಟೋಬರ್ ಬಂತೆಂದರೆ ಕುಮಟಾ ತಾಲೂಕಿನ ಗೋಕರ್ಣ ಸಮೀಪದ ಓಂ ಬೀಚಿನಲ್ಲಿ ವ್ಯಾಪಾರದ ಹಂಗಾಮು ಆರಂಭವಾಗುತ್ತದೆ. ಸಣ್ಣ ವಸತಿಗೃಹಗಳಲ್ಲಿ ಕೋಣೆಗಳ ಬುಕಿಂಗ್, ಬಿಲ್ಲು, ಜಿ.ಎಸ್.ಟಿ. ಲೆಕ್ಕ ಎಲ್ಲವೂ ಒಂದೇ ಗಣಕಯಂತ್ರದಲ್ಲಿರುವುದು ಅಪರೂಪವಲ್ಲ. ವಿದೇಶೀ ಅತಿಥಿ ಬಂದ 24 ಗಂಟೆಗಳೊಳಗೆ ಆತನ ವಿವರವನ್ನು ಅಂತರ್ಜಾಲದ ಮೂಲಕ ಸರಕಾರಕ್ಕೆ ಸಲ್ಲಿಸುವ ಹೊಣೆಯೂ ಮಾಲೀಕರ ಮೇಲಿದೆ. ಇಂಥ ಹಂಗಾಮಿನ ಹೊಸ್ತಿಲಲ್ಲೇ, 2018ರ ಅಕ್ಟೋಬರ್ 2ರಂದು, ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ರ 1809 ಎಂಬ ಆವೃತ್ತಿಯನ್ನು ಬಿಡುಗಡೆ ಮಾಡಿತು. ನಾಲ್ಕೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಕೆಲವು ಬಳಕೆದಾರರ ಕಡತಗಳೇ ಅಳಿಸಿಹೋಗಿದ್ದವು.

ಕಾರ್ಯಾಚರಣ ವ್ಯವಸ್ಥೆಯೊಂದರ ಹೊಸ ಆವೃತ್ತಿಯನ್ನು ಎರಡು ವಿಧದಲ್ಲಿ ಪರೀಕ್ಷಿಸುತ್ತಾರೆ. ಮೊದಲನೆಯದು ಸ್ವಯಂಚಾಲಿತ ಪರೀಕ್ಷೆ. ಲಿನಕ್ಸ್ ಪ್ರಪಂಚದಲ್ಲಿ ಓಪನ್‌ಸೂಸೆ ಹಾಗೂ ಫೆಡೋರಾ ತಂಡಗಳು ಬಳಸುವ ಓಪನ್‌ಕ್ಯೂಎ ಎಂಬ ತಂತ್ರಾಂಶವು ಮನುಷ್ಯನಂತೆ ತಾನೇ ಕೀಲಿಗಳನ್ನೊತ್ತುತ್ತದೆ, ಪರದೆಯಲ್ಲಿ ಮೂಡಿದ ಚಿತ್ರವನ್ನು ಮೊದಲೇ ಇಟ್ಟುಕೊಂಡ ಮಾದರಿಯೊಂದಿಗೆ ತಾಳೆ ನೋಡುತ್ತದೆ. ಬ್ಯಾಂಕಿನವರು ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸಿದಂತೆ. ಅದಕ್ಕೆ ಬೇಸರವಿಲ್ಲ, ಒಂದೇ ಕೆಲಸವನ್ನು ಎಷ್ಟು ಬಾರಿಯಾದರೂ ಮಾಡಬಲ್ಲದು. ಎರಡನೆಯದು ಕೈಯಿಂದ ಮಾಡುವ ಪರೀಕ್ಷೆ. ಇದು ನಿಧಾನ, ಖರ್ಚೂ ಹೆಚ್ಚು. ಗೇರುಬೀಜದ ಉದ್ಯಮಿಗಳಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ ನೋಡಿ ವಿಂಗಡಿಸುವ ಯಂತ್ರವು ಕಪ್ಪುಚುಕ್ಕೆಯ ತಿರುಳನ್ನು ತಪ್ಪದೆ ಬೇರ್ಪಡಿಸೀತು, ಆದರೆ ಮುಗ್ಗಲು ವಾಸನೆಯನ್ನು ಹಿಡಿಯಲಾರದು. ಅದನ್ನು ಅದಕ್ಕೆ ಯಾರೂ ಕಲಿಸಿಲ್ಲ.

1809ರಲ್ಲಿ ಆದದ್ದೂ ಹೀಗೆಯೇ. 'ಡಾಕ್ಯುಮೆಂಟ್ಸ್'ನಂಥ ಕಡತಕೋಶವನ್ನು ಸಿ ಡ್ರೈವಿನಿಂದ ಬೇರೆಡೆಗೆ ತಿರುಗಿಸಿಕೊಂಡವರು ಅನೇಕರು. ಇಂಥವರ ಯಂತ್ರಗಳಲ್ಲಿ ಹಿಂದಿನ ಆವೃತ್ತಿಯು ಅದೇ ಹೆಸರಿನ ಖಾಲಿ ಕೋಶಗಳನ್ನು ಅನವಶ್ಯಕವಾಗಿ ಸೃಷ್ಟಿಸುತ್ತಿತ್ತು. ಅವನ್ನು ತೆಗೆದುಹಾಕಲೆಂದು ಹೊಸ ಆವೃತ್ತಿಯಲ್ಲಿ ವ್ಯವಸ್ಥೆ ಮಾಡಲಾಯಿತು. ಆದರೆ ಹಳೆಯ ಜಾಗದಲ್ಲಿ ಕಡತಗಳು ಉಳಿದಿದ್ದ ಯಂತ್ರಗಳಲ್ಲಿ ಕೋಶದೊಡನೆ ಕಡತಗಳೂ ಮಾಯವಾದವು. ಹಳೆಯ ಕೋಶ ಖಾಲಿಯೇ ಇರುತ್ತದೆಂಬ ಭಾವನೆಯೇ ತಪ್ಪಿನ ಮೂಲ.

ಇಲ್ಲಿ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಬಿಡುಗಡೆಗೆ ಮುನ್ನ ಆವೃತ್ತಿಯನ್ನು ಬಳಸಿ ನೋಡಿದ ಸ್ವಯಂಸೇವಕರಲ್ಲಿ ಕೆಲವರು ಕಡತ ಕಳೆದುಹೋದುದನ್ನು ಬರೆದು ತಿಳಿಸಿದ್ದರು. ದೂರುಗಳು ಕೆಲವೇ ಆಗಿದ್ದುದರಿಂದ ರಾಶಿಯಲ್ಲಿ ಹೂತುಹೋದವು. ನಷ್ಟದ ವರದಿಗಳು ಬಂದದ್ದು ಹತ್ತು ಸಾವಿರ ಯಂತ್ರಗಳಿಗೆ ಒಂದರಂತೆ ಎಂದು ಸಂಸ್ಥೆ ಅನಂತರ ಹೇಳಿತು. ಆದರೆ ಆ ಒಂದು ಯಂತ್ರ ತನ್ನದಾದವನಿಗೆ ನಷ್ಟ ನೂರಕ್ಕೆ ನೂರು! ತರುವಾಯ, ದೂರು ಎಷ್ಟು ಗಂಭೀರವೆಂದು ಬಳಕೆದಾರನೇ ಸೂಚಿಸುವ ಅನುಕೂಲವನ್ನು ಸೇರಿಸಲಾಯಿತು. ಆವೃತ್ತಿಯ ಮರುಬಿಡುಗಡೆಯಾದದ್ದು ನವೆಂಬರ್ 13ರಂದು.

ದಾಕ್ಷಿಣಾತ್ಯ ಲಿಪಿಗಳೂ ಇಂಥ ತೊಡಕಿಗೆ ಕಾರಣವಾದದ್ದುಂಟು. ಅದೇ ವರ್ಷದ ಫೆಬ್ರುವರಿಯಲ್ಲಿ ತೆಲುಗಿನ ಒಂದು ಸಂಯುಕ್ತಾಕ್ಷರ ಸಂದೇಶದಲ್ಲಿ ಬಂದೊಡನೆ ಐಫೋನಿನ ಸಂದೇಶ ತಂತ್ರಾಂಶಗಳು ಸ್ಥಗಿತಗೊಳ್ಳುತ್ತಿದ್ದವು. ಆಪಲ್ ಸಂಸ್ಥೆ 19ರಂದು ತಿದ್ದುಪಡಿ ನೀಡಿತು.

ಹಾಗೆಂದು ಸ್ವಯಂಚಾಲಿತ ಪರೀಕ್ಷೆಯನ್ನು ಹಳಿಯುವುದು ಸಲ್ಲ. ಇಂದಿನ ವ್ಯವಸ್ಥೆಗಳ ಗಾತ್ರಕ್ಕೆ ಅದಿಲ್ಲದೆ ಬಿಡುಗಡೆಯೇ ಅಸಾಧ್ಯ. ಅದೊಂದನ್ನೇ ನಂಬಿದರೆ ಏನಾದೀತೆಂಬುದು 2024ರ ಜುಲೈ 19ರಂದು ಕಂಡಿತು. ಅಂದು ಎಡವಿದ್ದು ವಿಂಡೋಸ್ ಅಲ್ಲ, ಅದರ ಮೇಲೆ ಕೂತ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶ. ಅದರ ಪರಿಷ್ಕರಣೆಯೊಂದು ಸ್ವಯಂಚಾಲಿತ ತಪಾಸಣೆಯನ್ನು ದಾಟಿ ಏಕಕಾಲಕ್ಕೆ ಎಲ್ಲೆಡೆ ಹೊರಟಿತು. ಸುಮಾರು 85 ಲಕ್ಷ ಯಂತ್ರಗಳು ನಿಂತುಹೋದವು; ಬೆಂಗಳೂರು ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ಚೆಕ್-ಇನ್ ಕೆಲಸವನ್ನು ಕೈಯಿಂದ ನಡೆಸಬೇಕಾಯಿತು. ಪರಿಷ್ಕರಣೆಯನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ನಿಂತ ಎಷ್ಟೋ ಯಂತ್ರಗಳ ಮುಂದೆ ಸಿಬ್ಬಂದಿ ಕುಳಿತು ದೋಷಯುಕ್ತ ಕಡತವನ್ನು ತಾವೇ ಅಳಿಸಬೇಕಾಯಿತು.

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅನೇಕ ಅಂಗಡಿಗಳು ವಿಂಡೋಸ್ 11ಕ್ಕೆ ಹೋಗಲೇಬೇಕಾಗಿದೆ. ಎಲ್ಲ ಯಂತ್ರಗಳನ್ನೂ ಒಂದೇ ರಾತ್ರಿ ಬದಲಿಸುವುದು ತರವಲ್ಲ. ಭದ್ರತಾ ತಿದ್ದುಪಡಿಗಳನ್ನು ಬಹುಕಾಲ ಮುಂದೂಡುವುದೂ ಅಪಾಯವೇ. ಆದರೆ ದೊಡ್ಡ ಆವೃತ್ತಿಯನ್ನು ಕೆಲವು ವಾರ ತಡೆದರೆ ತೊಂದರೆಯಿಲ್ಲ. ಮೊದಲು ಲೆಕ್ಕಪತ್ರಗಳ ಪ್ರತಿಯನ್ನು ಬೇರೊಂದು ಡ್ರೈವಿಗೆ ತೆಗೆದು, ಅದನ್ನು ಯಂತ್ರದಿಂದ ಕಳಚಿಡಬೇಕು. ಬಳಿಕ ವ್ಯಾಪಾರ ತೆಳುವಾಗಿರುವ ದಿನವೊಂದನ್ನು ಆರಿಸಿ, ಗಲ್ಲಾದ ಮೇಲಿಲ್ಲದ ಯಂತ್ರಕ್ಕೆ ಹೊಸ ಆವೃತ್ತಿ ಹಾಕಬೇಕು. ಟ್ಯಾಲಿಯಲ್ಲಿ ಕಳೆದ ವರ್ಷದ ಖಾತೆ ತೆರೆಯುತ್ತದೆಯೇ, ಹಳೆಯ ಪ್ರಿಂಟರು ಕಾಗದ ಎಳೆಯುತ್ತದೆಯೇ, ಕನ್ನಡ ಬಿಲ್ಲಿನಲ್ಲಿ ಒತ್ತಕ್ಷರ ತನ್ನ ಜಾಗದಲ್ಲೇ ಕೂತಿದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು. ಒಂದು ವಾರ ತಕರಾರಿಲ್ಲದೆ ಕಳೆದರೆ ಗಲ್ಲಾದ ಯಂತ್ರದ ಸರದಿ.