ನಮ್ಮ ಬೇಲಿಯ ಜೇಡ

ಜೇಡರ ಹುಳುವನ್ನು ಕಾಣದವರು ಯಾರಿದ್ದಾರೆ? ಆದರೆ ಅದು ಕೀಟವಲ್ಲವೆಂಬುದನ್ನು ಬಹುಮಂದಿ ಅರಿಯರು. ಕೀಟಕ್ಕೆ ಕಾಲು ಆರು, ಮೈಯಲ್ಲಿ ಭಾಗ ಮೂರು. ಜೇಡಕ್ಕೆ ಕಾಲು ಎಂಟು, ಭಾಗ ಎರಡೇ. ಹಿಂದೆ ಜೇಡನೆಂದರೆ ನೇಯುವವನೆಂದೂ ಅರ್ಥವಿತ್ತು. ವಚನಕಾರ ಜೇಡರ ದಾಸಿಮಯ್ಯನ ಹೆಸರೇ ಇದಕ್ಕೆ ಸಾಕ್ಷಿ. ನನ್ನ ತಂದೆ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು. ಆದುದರಿಂದ ಈ ಜೀವಿಯ ಮೇಲೆ ನನಗೆ ನಂಟಿನ ಅಭಿಮಾನ.

ಹನೂರು ರಸ್ತೆಯಲ್ಲಿರುವ ನಮ್ಮ ಹಳ್ಳಿಯ ಮುಳ್ಳುಬೇಲಿಯಲ್ಲಿ ಕೊಳಕು ಬಟ್ಟೆಯ ಗಂಟಿನಂತೆ ಒಂದು ಗೂಡಿದೆ. ಒಣ ಎಲೆ, ಸತ್ತ ಕೀಟಗಳ ಚಿಪ್ಪುಗಳನ್ನೆಲ್ಲ ನೂಲಿನಿಂದ ಬಿಗಿದು ಕಟ್ಟಿದ್ದು. ಯಳಂದೂರಿನ ಕಡೆಯಿಂದ ಬರುವ ನನ್ನ ಸಹಪಾಠಿಯೂ ತನ್ನೂರಿನಲ್ಲಿ ಇಂಥದನ್ನು ಕಂಡಿದ್ದಾನೆ. ಇದು ಸಂಘಜೀವಿ ಜೇಡ. ಹೆಚ್ಚಿನ ಜೇಡಗಳು ಒಂಟಿಯಾಗಿ ಬಾಳಿದರೆ, ಇವು ನೂರಾರು ಕೂಡಿ ಒಂದೇ ಮನೆಯಲ್ಲಿ ಬಾಳುತ್ತವೆ. ಬಲೆಗೆ ಬಿದ್ದ ಬೇಟೆಯನ್ನು ಕೂಡಿಯೇ ಎಳೆದು ಕೂಡಿಯೇ ಉಣ್ಣುತ್ತವೆ.

ಶಾಸ್ತ್ರದಲ್ಲಿ ಇದರ ಹೆಸರು ಸ್ಟೆಗೋಡೈಫಸ್ ಸರಸಿನೋರಮ್. ಮೊದಲನೆಯದು ಕುಲದ ಹೆಸರು, ಎರಡನೆಯದು ಪ್ರಭೇದದ್ದು, ಕುಟುಂಬ ಎರೆಸಿಡೇ. ಸ್ವಿಟ್ಜರ್ಲೆಂಡಿನ ಪಾಲ್ ಮತ್ತು ಫ್ರಿಟ್ಜ್ ಸರಸಿನ್ ಸಿಂಹಳದಲ್ಲಿ ಕೂಡಿಸಿದ ಜೇಡಗಳನ್ನು ಪರೀಕ್ಷಿಸಿ, ಜರ್ಮನಿಯ ಕಾರ್ಷ್ ಎಂಬ ವಿದ್ವಾಂಸ 1892ರಲ್ಲಿ ಅವರ ಹೆಸರನ್ನೇ ಇದಕ್ಕಿಟ್ಟ. ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದು, ಆಮೇಲೆ ಮೈಸೂರಿಗೂ 1997ರಲ್ಲಿ ಚಾಮರಾಜನಗರಕ್ಕೂ ಸೇರಿತಷ್ಟೆ. ಜೀವಿಗಳೂ ಹೀಗೆಯೇ ಒಂದು ಕುಲದಿಂದ ಮತ್ತೊಂದಕ್ಕೆ ವರ್ಗವಾಗುವುದುಂಟು. ಆಗ ಹೆಸರಿಟ್ಟವನನ್ನು ಕಂಸದೊಳಗೆ ಬರೆಯುವುದು ನಿಯಮ. ಕಾರ್ಷನಿಗೆ ಇಲ್ಲಿ ಕಂಸವಿಲ್ಲ. ಅವನಿರಿಸಿದ ಕುಲದಲ್ಲೇ ಜೇಡ ಇಂದಿಗೂ ಇದೆ.

ಹೆಣ್ಣಿನ ಉದ್ದ ಸುಮಾರು 1 ಸೆಂಟಿಮೀಟರು. ಗಂಡು ಅದಕ್ಕಿಂತ ಸಣ್ಣದು, ಸಂಖ್ಯೆಯಲ್ಲಿಯೂ ಕಡಿಮೆ. ಮೈತುಂಬ ಬೂದುಬಣ್ಣದ ಒತ್ತಾದ ರೋಮ. ಎಂಟು ಕಣ್ಣುಗಳಲ್ಲಿ ನಾಲ್ಕು ನಡುವೆ ಗುಂಪಾಗಿದ್ದು, ಉಳಿದವು ದೂರದೂರ ಇವೆ. ರೇಷ್ಮೆಹುಳು ಬಾಯಿಂದ ನೂಲು ತೆಗೆದರೆ, ಜೇಡ ಹೊಟ್ಟೆಯ ತುದಿಯಿಂದ ತೆಗೆಯುತ್ತದೆ. ಇದರಲ್ಲಿ ನೂಲುವ ಅಂಗದ ಮುಂದೆ ಜರಡಿಯಂಥ ಒಂದು ತಟ್ಟೆಯಿದೆ. ಅದರಿಂದ ಬರುವ ಅತಿ ಸೂಕ್ಷ್ಮ ಎಳೆಗಳನ್ನು ಹಿಂಗಾಲಿನ ರೋಮದ ಬಾಚಣಿಗೆಯಿಂದ ಬಾಚಿ ಉಣ್ಣೆಯಂತೆ ಮಾಡುತ್ತದೆ. ಅಂಟಿಲ್ಲದಿದ್ದರೂ ಕೀಟದ ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಇದರ ತಾಯ್ತನ ಮಾತ್ರ ಸೋಜಿಗದ್ದು. ಮರಿಗಳು ಹೊರಬಂದ ಮೇಲೆ ತಾಯಿ ತಾನುಂಡದ್ದನ್ನೇ ರಸವಾಗಿ ಕಕ್ಕಿ ಅವಕ್ಕೆ ಉಣಿಸುತ್ತದೆ. ಕೊನೆಗೆ ಮರಿಗಳು ತಾಯಿಯ ಮೈಯನ್ನೇ ಹೀರಿ ಬೆಳೆಯುತ್ತವೆ.

ಕಳೆದ ಬೇಸಗೆಯಲ್ಲಿ ನನ್ನವ್ವ ಬೇಲಿಯ ಕಸಕ್ಕೆ ಬೆಂಕಿಯಿಡಲು ಹೊರಟರು. ಗೂಡಿನ ಮುಂದೆ ನಿಂತಿದ್ದ ನನ್ನನ್ನು ಕಂಡು, "ಕಾಲೇಜಿಗೆ ಕಳಿಸಿದ್ದು ಈ ಹುಳ ನೋಡಕ್ಕಾ ಮೊಗ?" ಎಂದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನನ್ನ ಪರೀಕ್ಷೆಯ ಶುಲ್ಕಕ್ಕೆ ಕಿವಿಯ ಓಲೆ ಅಡವಿಟ್ಟವರು. ನಾನು ಓದಿದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಗೂಡನ್ನೇ ನೋಡುತ್ತಿದ್ದು, "ಹೆತ್ತೋಳು ಅಂದ್ರ ಅಷ್ಟೇ ಕಣಪ್ಪ" ಎಂದು, ಕಸವನ್ನು ಬೇಲಿಯಿಂದಾಚೆಗೆ ಎಳೆದು ಸುಟ್ಟರು.

ಗೂಡು ಈಗಲೂ ಇದೆ. ಓಲೆ ಇನ್ನೂ ಬಿಡಿಸಿಲ್ಲ. ವಾಚಕರು ತಮ್ಮ ಬೇಲಿಯಲ್ಲಿ ಇಂಥ ಗಂಟನ್ನು ಕಂಡರೆ, ಕೋಲೆತ್ತುವ ಮುನ್ನ ಒಂದು ಗಳಿಗೆ ನಿಂತು ನೋಡಬೇಕೆಂದು ನನ್ನ ಬಿನ್ನಹ.