ತಾಯಿಯ ಜೀವ ಮೊದಲು

ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 31, ಬಸಿರಿಗೆ 17 ವಾರ. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ಗೊತ್ತಿತ್ತು. ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರೂ ಭ್ರೂಣದ ಎದೆಬಡಿತ ಇರುವ ಕಾರಣಕ್ಕೆ ನಿರಾಕರಿಸಿದರು. ಅಷ್ಟರಲ್ಲಿ ನಂಜು ರಕ್ತಕ್ಕೇರಿತ್ತು.

ತಾಯಿಯ ಜೀವವೂ ಭ್ರೂಣದ ಜೀವವೂ ಸಮ ಎಂದು ಐರ್ಲೆಂಡಿನ ಸಂವಿಧಾನ 1983ರಲ್ಲಿ ಬರೆದುಕೊಂಡಿತ್ತು. ಅದರ ಬೆನ್ನಿಗೆ ಕ್ಯಾಥೊಲಿಕ್ ನಂಬಿಕೆಯ ಬಲವಿತ್ತು. ಸವಿತಾ ಸಾವು ಆ ದೇಶವನ್ನು ಕಲಕಿತು. 2018ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮಂದಿ ಆ ವಿಧಿಯನ್ನು ತೆಗೆದುಹಾಕಿದರು.

ಯಹೂದಿಗಳ ಮಾತು

ಧರ್ಮಗಳೆಲ್ಲ ಈ ವಿಷಯದಲ್ಲಿ ಒಂದೇ ಮಾತು ಆಡುವುದಿಲ್ಲ. ಸುಮಾರು 1800 ವರ್ಷ ಹಿಂದಿನ ಯಹೂದಿ ಧರ್ಮಸಂಹಿತೆ ಮಿಶ್ನಾ, ಹೆರಿಗೆಯಲ್ಲಿ ತಾಯಿಯ ಜೀವಕ್ಕೆ ಕುತ್ತು ಬಂದರೆ ಭ್ರೂಣವನ್ನು ತೆಗೆದಾದರೂ ಆಕೆಯನ್ನು ಉಳಿಸಿ ಎನ್ನುತ್ತದೆ. ಮಗು ಬಹುಪಾಲು ಹೊರಬಂದ ಮೇಲಷ್ಟೇ ಇಬ್ಬರ ಜೀವವೂ ಸಮ. ತಾಲ್ಮುದ್‌ನಲ್ಲಿ ಯೆಹೂದಿತ್ ಎಂಬಾಕೆಯ ಕಥೆಯಿದೆ. ಹೆರಿಗೆಯ ಯಾತನೆಯಲ್ಲಿ ನಲುಗಿದ ಆಕೆ ವೇಷ ಮರೆಸಿಕೊಂಡು, ರಬ್ಬಿಯಾದ ತನ್ನ ಗಂಡನ ಬಳಿಯೇ ಹೋಗಿ, ಸಂತಾನ ಬೆಳೆಸುವ ಆಜ್ಞೆ ಹೆಣ್ಣಿಗೂ ಉಂಟೇ ಎಂದು ಕೇಳಿದಳು. ಇಲ್ಲವೆಂಬ ಉತ್ತರ ಬಂದದ್ದೇ, ಮಕ್ಕಳಾಗದ ಮದ್ದು ಕುಡಿದಳು. ಸಂಪ್ರದಾಯಸ್ಥ ಯಹೂದಿಗಳು ಇಂದಿಗೂ ಗರ್ಭಪಾತಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಆದರೆ ತಾಯಿಯ ಜೀವದ ಪ್ರಶ್ನೆ ಬಂದಾಗ ಅವರಲ್ಲಿ ಭಿನ್ನಮತವಿಲ್ಲ. 2022ರಲ್ಲಿ ಫ್ಲೋರಿಡಾದ ಒಂದು ಯಹೂದಿ ಸಭೆ, ಗರ್ಭಪಾತ ನಿರ್ಬಂಧ ತಮ್ಮ ಧರ್ಮಪಾಲನೆಗೇ ಅಡ್ಡಿ ಎಂದು ನ್ಯಾಯಾಲಯದ ಮೆಟ್ಟಿಲೇರಿತು.

ಕುಂದಗೋಳದಲ್ಲಿ

ನಮ್ಮಲ್ಲಿ ಕಾನೂನು ಹೆಣ್ಣಿನ ಪರವಾಗಿಯೇ ಇದೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೂ ಅವಕಾಶವಿದೆ. ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ.

ಈ ಮಾತು ಕುಂದಗೋಳ ತಾಲ್ಲೂಕಿನ ಪ್ರತಿ ಮನೆಯ ಸೊಸೆಗೂ ತಿಳಿಯಬೇಕು. ಗರ್ಭ ತಡೆಯುವ ವಂಕಿ, ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಎಂಬುದೂ ತಿಳಿಯಬೇಕು. ಎರಡು ಹೆತ್ತ ಮೇಲೆ ಆಪರೇಷನ್ ಎಂದರೆ ಹೆಂಗಸಿನದೇ ಎಂಬ ರೂಢಿ ಹೋಗಬೇಕು. ಗಂಡಸಿನ ಶಸ್ತ್ರಚಿಕಿತ್ಸೆ ಅದಕ್ಕಿಂತ ಸರಳ, ಅಪಾಯವೂ ಕಡಿಮೆ. ಯಾವ ದೇವರನ್ನು ನಂಬಿದರೂ ಸರಿ, ಎಷ್ಟು ಮಕ್ಕಳು, ಯಾವಾಗ ಎಂಬ ಪ್ರಶ್ನೆಯನ್ನು ಹೆರುವವಳನ್ನೇ ಮೊದಲು ಕೇಳಬೇಕು.